ತಿರುವುಮುರುವಾಗಿ ಕೂತ ಗಾಜು

ಸಿನಿಮಾ ಮಂದಿ ಅವಳನ್ನು ಕರೆಯುತ್ತಿದ್ದುದು ಲೆನ್ಸ್ ಅಕ್ಕ ಎಂದೇ. ಹಳೆಯ ಲೆನ್ಸುಗಳ ಗಾಜುಗಳನ್ನು ಬಿಚ್ಚಿ, ಈಗಿನ ಕ್ಯಾಮೆರಾಗಳಿಗೆ ಹೊಂದುವ ಹೊಸ ಲೋಹದ ಕವಚದಲ್ಲಿ ಕೂರಿಸುವುದು ಅವಳ ಕಸುಬು. ಅಪ್ಪನಿಂದ ಬಂದ ಅಂಗಡಿ. ಒಂದು ಉದ್ದ ಮೇಜು, ದೂಳು ಬರಬಾರದೆಂದು ಸದಾ ಮುಚ್ಚಿದ ಕಿಟಕಿ.

ಒಂದು ಮಂಗಳವಾರ ಛಾಯಾಗ್ರಾಹಕನೊಬ್ಬ ಹಳೆಯ ಝೂಮ್ ಲೆನ್ಸ್ ತಂದ. ಮುಚ್ಚಿಹೋದ ಸ್ಟುಡಿಯೋದ ಹರಾಜಿನಲ್ಲಿ ಸಿಕ್ಕಿದ್ದಂತೆ. ಅದರಲ್ಲಿ ದೀಪಗಳ ಸುತ್ತ ಮಂಜಿನಂಥ ಬೆಳಕು ಹರಡುತ್ತದೆ, ಮುಖಗಳು ಬೆಣ್ಣೆಯಂತೆ ಮೆತ್ತಗೆ ಕಾಣುತ್ತವೆ, ಆ ಗುಣ ಮಾತ್ರ ಹಾಳಾಗಬಾರದು ಎಂದು ಹತ್ತು ಸಲ ಹೇಳಿ ಹೋದ.

ಉಂಗುರಗಳನ್ನು ತಿರುಗಿಸಿ ತೆಗೆದು, ಝೂಮ್ ಮಾಡಿದಾಗ ಹಿಂದೆ ಮುಂದೆ ಸರಿಯುವ ಗಾಜಿನ ಗುಂಪನ್ನು ಅವಳು ಹೊರಗೆಳೆದಳು. ಮೂರನೆಯ ಗಾಜು ತಿರುವುಮುರುವಾಗಿ ಕೂತಿತ್ತು. ಆ ಮಂಜಿನ ಬೆಳಕು ಗುಣವೂ ಅಲ್ಲ, ಮಣ್ಣೂ ಅಲ್ಲ. ಯಾರೋ ಮಾಡಿದ ಎಡವಟ್ಟು. ಯಾವ ಪುಣ್ಯಾತ್ಮನಪ್ಪಾ ಎಂದು ನಗುತ್ತಲೇ ಗಾಜನ್ನು ದೀಪಕ್ಕೆ ಹಿಡಿದಳು. ಅಂಚಿನಲ್ಲಿ ಪೆನ್ಸಿಲಿನ ಬಾಣ, ಅದೂ ತಪ್ಪು ಮುಖದತ್ತ. ಬಾಣದ ಬಾಲಕ್ಕೊಂದು ಪುಟ್ಟ ಸೊನ್ನೆ.

ನಗು ನಿಂತಿತು. ಬಾಣಕ್ಕೆ ಸೊನ್ನೆ ಹಾಕುವವರು ಅಂದೂ ಇಂದೂ ಅವಳೊಬ್ಬಳೇ.

ಅವಳಿಗೆ ಹತ್ತೊಂಬತ್ತಾಗಿದ್ದಾಗ ಇದೇ ಲೆನ್ಸ್ ಅಪ್ಪನ ಬಳಿ ರಿಪೇರಿಗೆ ಬಂದಿತ್ತು. ಬಿಚ್ಚಿ ಜೋಡಿಸುವ ಹೊಣೆ ಸೋದರಮಾವನದು. ಗಾಜು ಒರೆಸಿ, ಯಾವ ಮುಖ ಮುಂದಕ್ಕೆಂದು ಗುರುತು ಹಾಕುವುದು ಅವಳದು. ಆ ಗುರುತನ್ನೇ ನಂಬಿ ಮಾವ ಗಾಜು ಕೂರಿಸಿದ್ದರು. ಏಳು ದಿನದ ಚಿತ್ರೀಕರಣ ಮಸುಕಾಗಿ ಸ್ಟುಡಿಯೋದವರು ಕೆಂಡಾಮಂಡಲವಾದರು. ಲೆನ್ಸನ್ನು ಬಿಚ್ಚಿಸದೆ ಮೂಲೆಗೆ ಹಾಕಿದರು, ಮತ್ತೆ ಈ ಅಂಗಡಿಗೆ ಕೊಡಲೇ ಇಲ್ಲ. ಅಪ್ಪ ಎಲ್ಲರೆದುರು ಮಾವನ ನೀರಿಳಿಸಿದರು. ಅಂದು ಹೋದ ಮಾವ ಮತ್ತೆ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಗೋದಾಮೊಂದರ ಗೇಟಿನಲ್ಲಿ ಕೂತು ಲಾರಿಗಳ ನಂಬರ್ ಬರೆಯುತ್ತ ಮೂವತ್ತೆರಡು ವರ್ಷ ಸವೆಸಿದರು.

ಅವಳು ಎದ್ದು ನೀರು ಕುಡಿದು ಬಂದು ಮತ್ತೆ ನೋಡಿದಳು. ಸೊನ್ನೆ ಅಲ್ಲೇ ಇತ್ತು. ಗಾಜನ್ನು ಡಬ್ಬಿಗೆ ಹಾಕಿಕೊಂಡು ನೇರ ಮಾವನ ಮನೆಗೆ ನಡೆದಳು.

ಮಾವ ಒಗೆದ ಬಟ್ಟೆ ಹರವುತ್ತಿದ್ದರು. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಒದರಿ, ನನ್ನನ್ನು ಉಳಿಸಲೆಂದೇ ಸುಮ್ಮನಿದ್ದಿರಾ ಎಂದು ಕೇಳಿದಳು. ಹೌದೆಂದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

“ನಂಗೆಲ್ಲಿ ಗೊತ್ತಿತ್ತು ಮಗಳೇ?” ಎಂದರು ಮಾವ. “ನಾನೇ ಮಾಡಿದ್ದು ಅಂದ್ಕೊಂಡಿದ್ದೆ. ಈ ಕೈ ಮೇಲೆ ನಂಬಿಕೆನೇ ಹೋಗಿತ್ತು.”

ಕೈಲಿದ್ದ ಒದ್ದೆ ಅಂಗಿಯ ನೀರು ಅವರ ಪಾದದ ಮೇಲೆ ತೊಟ್ಟಿಕ್ಕುತ್ತಿದ್ದರೂ ಪರಿವೆಯಿರಲಿಲ್ಲ. ಅವಳು ತಪ್ಪಾಯಿತು ಎಂದಳು. ಆ ಮಾತು ಅವಳ ಕಿವಿಗೇ ತೀರಾ ಸಣ್ಣದಾಗಿ ಕೇಳಿಸಿತು. ಮಾವ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇವತ್ತು ಹೋಗು ಎಂದಷ್ಟೇ ಹೇಳಿ ಒಳಗೆ ಹೋದರು.

ಛಾಯಾಗ್ರಾಹಕನಿಗೂ ಅವಳು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದಳು. ತಪ್ಪೋ ಒಪ್ಪೋ, ನನಗೆ ಆ ಬೆಳಕೇ ಬೇಕು, ಗಾಜು ಹಾಗೇ ಇರಲಿ ಎಂದ ಆತ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅದಾಗಿ ಒಂಬತ್ತನೆಯ ದಿನ ಬೆಳಗ್ಗೆ ಮಾವ ಅಂಗಡಿಗೆ ಬಂದರು. ಹೊಸ ಕವಚ ಮೇಜಿನ ಮೇಲೆ ಸಿದ್ಧವಾಗಿತ್ತು. ಗಾಜು ಮೊದಲಿದ್ದ ಹಾಗೇ ಇರಬೇಕಂತೆ ಎಂದಳು ಅವಳು. ಮಾವ ಕೈ ತೊಳೆದು, ಕನ್ನಡಕ ಏರಿಸಿ, ಆ ಗಾಜನ್ನು ಬಹಳ ಹೊತ್ತು ನೋಡಿದರು.

“ಇದನ್ನ ನಾನೇ ಕೂರಿಸ್ತೀನಿ. ನೀನು ಮುಟ್ಟಬೇಡ.”

ಎರಡು ಸಲ ಗಾಜು ಅಂಚಿಗೆ ಸಿಕ್ಕಿಕೊಂಡಿತು. ಮೂರನೆಯ ಸಲ, ಅದೇ ಹಳೆಯ ಬಾಣದ ದಿಕ್ಕಿಗೆ, ಸದ್ದಿಲ್ಲದೆ ಒಳಗಿಳಿಯಿತು. ಅವಳು ನೋಡುತ್ತಲೇ ಇದ್ದಳು.

ಈಗ ಮಾವ ವಾರಕ್ಕೆರಡು ದಿನ ಅಂಗಡಿಗೆ ಬರುತ್ತಾರೆ. ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಿಲ್ಲ. ಕೇಳುವ ಧೈರ್ಯ ಅವಳಿಗೂ ಬಂದಿಲ್ಲ.