ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೂರು ಸಲ ತುಳಿದರೆ ಉಳುಕು ಬಿಡುತ್ತದೆ ಎಂದು ನಗರಗೆರೆ ಕಡೆಯ ನಮ್ಮ ಊರಲ್ಲಿ ನಂಬಿಕೆ. ಶಾಲೆಯಲ್ಲಿ ಒಂದು ಬಹುಮಾನವನ್ನೂ ಗೆಲ್ಲದ ನನಗೆ ಇದರಿಂದ ಸಿಕ್ಕ ಮರ್ಯಾದೆ ಸಣ್ಣದಲ್ಲ. ಸೊಂಟ ಹಿಡಿದುಕೊಂಡ ದೊಡ್ಡ ದೊಡ್ಡವರೆಲ್ಲ ನಮ್ಮ ಜಗಲಿಯ ಮೇಲೆ ಬೋರಲು ಮಲಗುತ್ತಿದ್ದರು. ತುಳಿದಾದ ಮೇಲೆ ನಾನು "ಹೋಯ್ತಾ?" ಅನ್ನಬೇಕು, ಅವರು "ಹೋಯ್ತು" ಅನ್ನಲೇಬೇಕು. ಇಲ್ಲದಿದ್ದರೆ ಗುಣವಾಗುವುದಿಲ್ಲವಂತೆ. ನನಗೋ ಭಾರಿ ಜಂಬ.

ನನ್ನ ತಂಗಿ ಖೊಖೊ ಆಡುತ್ತಿದ್ದಳು. ಅವಳಿಗೆ ಬೇರೆ ಲೋಕವೇ ಇರಲಿಲ್ಲ. ರಾಜ್ಯ ತಂಡದ ಆಯ್ಕೆಗೆ ಹದಿನೈದು ದಿನ ಇರುವಾಗ, ಗೌರಿಬಿದನೂರಿನ ಮೈದಾನದಲ್ಲಿ ಕಂಬ ಹಿಡಿದು ತಿರುಗುವಾಗ, ಮಂಡಿಯೊಳಗೆ ಟಪ್ ಎಂದಿತಂತೆ. ಸಂಜೆ ಬಸ್ಸಿಳಿಯುವಷ್ಟರಲ್ಲಿ ಮಂಡಿ ಊದಿಕೊಂಡಿತ್ತು.

"ಬರೀ ಉಳುಕು ಕಣೇ, ಮಲಕ್ಕೋ" ಎಂದೆ. ತುಳಿದೆ. ಅವಳು ದಿಂಬು ಕಚ್ಚಿಕೊಂಡಳು.

"ಹೋಯ್ತಾ?"

"ಹೋಯ್ತಕ್ಕ."

ದಿನವೂ ಬಿಸಿ ಎಣ್ಣೆ ಹಾಕಿ ತಿಕ್ಕಿದೆ. ಊತ ಇಳಿದ ಮೇಲೆ ಆಯ್ಕೆಗೆ ಹೊರಡಿಸಿದವಳೂ ನಾನೇ. ಎರಡನೇ ಓಟಕ್ಕೆ ಮಂಡಿ ಹೊರಳಿ ಬಿದ್ದಳು, ಮತ್ತೆ ಏಳಲಾಗಲಿಲ್ಲ.

ಚಿಕ್ಕಬಳ್ಳಾಪುರದ ಡಾಕ್ಟರು ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ಮಡಚಿ ಬಿಡಿಸಿ ತೋರಿಸಿದರು. ಮೇಲೆ ತೊಡೆಯ ಮೂಳೆ, ಕೆಳಗೆ ಕಾಲಿನ ಮೂಳೆ, ಎರಡನ್ನೂ ಒಳಗಿನಿಂದ ಬಿಗಿದ ಹಗ್ಗದಂಥ ಲಿಗಮೆಂಟು, ನಡುವೆ ಒಂದು ಮೆತ್ತೆ. ಟಪ್ ಎಂದದ್ದು ಆ ಲಿಗಮೆಂಟು ಹರಿದಾಗ. ಅಷ್ಟು ಬೇಗ ಊದಿದ್ದು ಒಳಗೆ ರಕ್ತ ತುಂಬಿ. ಅವತ್ತೇ ಬಟ್ಟೆಯಲ್ಲಿ ಐಸ್ ಸುತ್ತಿಟ್ಟು, ಪಟ್ಟಿ ಕಟ್ಟಿ, ಕಾಲು ಎತ್ತರಿಸಿ ಕರೆತರಬೇಕಿತ್ತು. ತುಳಿಯಬಾರದಿತ್ತು, ತಿಕ್ಕಬಾರದಿತ್ತು, ಓಡಿಸಲಂತೂ ಬಾರದೇ ಬಾರದಿತ್ತು. ಲಿಗಮೆಂಟಿಗೆ ಆಪರೇಷನ್ ಇದೆ, ಆದರೆ ಆಮೇಲೆ ಓಡಿದ್ದರಿಂದ ಮೆತ್ತೆ ಚಿಂದಿಯಾಗಿದೆ, ಇನ್ನು ಖೊಖೊ ಮರೆತುಬಿಡಿ ಎಂದರು.

"ಮಧ್ಯೆ ಒಂದಿನಾನಾದ್ರೂ ನೋವು ಕಮ್ಮಿ ಆಗಿತ್ತೇನಮ್ಮ?" ಎಂದು ಅವಳನ್ನು ಕೇಳಿದರು.

ತಂಗಿ ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಇಲ್ಲ ಸಾರ್" ಎಂದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು, ಅವಳು ಇವತ್ತಿನವರೆಗೂ ಬೈದಿಲ್ಲ. ಅಂದಿನಿಂದ ನಾನು ಯಾರನ್ನೂ ತುಳಿದಿಲ್ಲ, ಬಂದವರನ್ನು ಆಸ್ಪತ್ರೆಗೆ ಅಟ್ಟುತ್ತೇನೆ. ಅವಳು ಈಗ ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿದು, ಒಂದೊಂದಾಗಿ ಹತ್ತುತ್ತಾಳೆ. ನೋಯುತ್ತದಾ ಎಂದು ನಾನು ಕೇಳುವುದಿಲ್ಲ. ಕೇಳಿದರೆ ನನಗೋಸ್ಕರ ಇಲ್ಲ ಎಂದುಬಿಡುತ್ತಾಳೆ.