ಭಾನುವಳ್ಳಿ ದಾರಿಯ ಮನೆಯಲ್ಲಿ ಕೇಳಿದ ಕೆಮ್ಮು

ದೆವ್ವ, ಗಾಳಿ, ಪೀಡೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವಳು. ಬ್ಲೌಸ್ ಹೊಲಿಸಲು ನನ್ನ ಅಂಗಡಿಗೆ ಬರುವವರು ಇಂಥ ಕತೆಗಳನ್ನು ಬೇಕಾದಷ್ಟು ಹೇಳುತ್ತಾರೆ. ಅಳತೆ ತೆಗೆಯುತ್ತ ‘ಹೌದಾ’ ಎನ್ನುತ್ತಿದ್ದೆ, ಒಳಗೊಳಗೇ ನಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಹೊರಟಿದ್ದೇನೆ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಆದರೆ ‘ಹೆಂಗಸರು ಹೆದರಿದ್ದೀರಿ, ಏನೋ ಕೇಳಿಸಿದ ಹಾಗಾಗಿದೆ’ ಎಂದು ಮಾತ್ರ ಹೇಳಬೇಡಿ. ಹೆದರಿದ್ದು ನಿಜ. ಕೇಳಿಸಿದ್ದೂ ನಿಜ.

ಕೆಲವು ವರ್ಷಗಳ ಹಿಂದಿನ ಮಾತು. ದಾವಣಗೆರೆಯ ವಿದ್ಯಾನಗರದಲ್ಲಿ ನನ್ನ ಹೊಲಿಗೆ ಅಂಗಡಿ. ಸಂಜೆ ಪಾರ್ಕಿನಲ್ಲಿ ಒಟ್ಟಿಗೆ ನಡೆಯುವ ನಾವು ಎಂಟು ಜನ ಹೆಂಗಸರು. ಗಿರಿಜಕ್ಕ ನಮ್ಮೆಲ್ಲರಿಗಿಂತ ಹಿರಿಯರು, ನರ್ಸ್ ಆಗಿ ನಿವೃತ್ತರಾದವರು. ಸುನಂದಾ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ರಜಿಯಾ ನನ್ನ ಪಕ್ಕದ ಮಳಿಗೆಯಲ್ಲಿ ಸೀರೆಗಳಿಗೆ ಜರಿ ಕೆಲಸ ಮಾಡುವವಳು. ಉಳಿದ ನಾಲ್ವರು ಆಸುಪಾಸಿನ ಮನೆಯವರು. ನಡೆಯುವುದಕ್ಕಿಂತ ನಾವು ನಗುವುದೇ ಹೆಚ್ಚು. ಒಂದು ಸಂಜೆ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ನಮ್ಮನ್ನು ತಡೆದು, “ಸ್ವಲ್ಪ ಸಣ್ಣಗ ನಗ್ರವ್ವಾ, ನಾಕು ಜನ ಓಡಾಡೋ ಜಾಗ” ಅಂದರು. ಆಗ ಸುನಂದಾ ಸಿಟ್ಟಿನಿಂದ ಹೇಳಿದಳು: “ಎಲ್ಲಾದ್ರೂ ಒಂದು ದೊಡ್ಡ ಮನೆ ಹಿಡಿಯೋಣ. ಎರಡು ದಿನ ಇರೋಣ. ಗಂಟಲು ಹರಿಯೋಹಂಗೆ ನಗೋಣ. ಯಾರು ಕೇಳ್ತಾರೋ ನೋಡ್ತೀನಿ.”

ಮನೆ ಹುಡುಕುವ ಕೆಲಸ ನನಗೂ ರಜಿಯಾಗೂ ಬಿತ್ತು. ಎಂಟು ಜನ ಮಲಗುವಷ್ಟು ಜಾಗ, ದೊಡ್ಡ ಅಡುಗೆಮನೆ, ಬಾಗಿಲಿಗೆಲ್ಲ ಒಳಗಿನಿಂದ ಗಟ್ಟಿ ಚಿಲಕ. ನಾವು ಕೇಳಿದ್ದು ಇಷ್ಟೇ. ನನ್ನ ಸ್ಕೂಟರಿನಲ್ಲಿ ಊರ ಸುತ್ತಲಿನ ಬಾಡಿಗೆ ಮನೆ, ತೋಟದ ಮನೆಗಳನ್ನೆಲ್ಲ ನೋಡಿದೆವು. ಎಲ್ಲ ಕಡೆಯೂ ಒಂದೇ ಪ್ರಶ್ನೆ. “ಗಂಡಸ್ರು ಯಾರು ಬರ್ತಾರ?” ಯಾರೂ ಇಲ್ಲ ಅಂದರೆ, “ಬರೇ ಲೇಡೀಸ್‌ಗೆ ಕೊಡಲ್ರೀ, ನಾಳೆ ಏನಾದ್ರೂ ಆದ್ರ ನಮ್ಮ ತಲಿ ಮ್ಯಾಲೆ ಬರ್ತೈತೆ.” ಒಬ್ಬರು ಫೋನಿನಲ್ಲಿ ಒಪ್ಪಿಕೊಂಡಿದ್ದರು. ನಾವು ಹೋಗಿ ಗೇಟಿನಲ್ಲಿ ನಿಂತಾಗ ರಜಿಯಾಳ ಬುರ್ಖಾ ನೋಡಿ, ಆ ದಿನ ಬೇರೆಯವರಿಗೆ ಕೊಟ್ಟಾಗಿದೆ ಅಂದರು. ಸ್ಕೂಟರ್ ಹತ್ತಿದ ಮೇಲೆ ರಜಿಯಾ, “ನಾನು ಬಿಡ್ತೀನಿ ಅಕ್ಕಾ, ನೀವು ಏಳು ಜನ ಹೋಗಿಬರ್ರಿ” ಅಂದಳು. ಇನ್ನೊಮ್ಮೆ ಆ ಮಾತು ಆಡಿದರೆ ಇಲ್ಲೇ ಇಳಿಸಿ ಹೋಗುತ್ತೇನೆ ಎಂದು ಗದರಿಸಿದೆ.

ನಮ್ಮ ಮನೆಯಲ್ಲೂ ಸಲೀಸಿರಲಿಲ್ಲ. ಗಂಡನ ಮನೆ ಬಿಟ್ಟು ಬಂದಂದಿನಿಂದ ನಾನು ಸರಸ್ವತಿ ನಗರದಲ್ಲಿ ಅಣ್ಣನ ಜೊತೆಗೇ ಇದ್ದೇನೆ. ಅಣ್ಣ ಕೆಟ್ಟವನಲ್ಲ, ಎಂದೂ ಕೂಗಾಡಿದವನಲ್ಲ. ವಿಷಯ ಕೇಳಿ, “ಎಂಟು ಹೆಂಗಸ್ರು ಹೋಗಿ ಏನ್ ಮಾಡ್ತೀರಿ ಅಲ್ಲಿ?” ಅಂದ. “ಏನೂ ಮಾಡಲ್ಲ, ಅದಕ್ಕೇ ಹೋಗ್ತೀವಿ” ಅಂದೆ. “ಹೋಗ್ರಿ. ಕತ್ತಲಾಗೋದ್ರಾಗೆ ಫೋನ್ ಮಾಡ್ತೀ, ಬಂದು ಕರ್ಕೊಂಡು ಹೋಗು ಅಂತ. ನೋಡ್ತಿರು” ಎಂದು ನಕ್ಕ. ಎಂಟೂ ಮನೆಗಳಲ್ಲಿ ಇದೇ ಮಾತು ಸ್ವಲ್ಪ ಹೆಚ್ಚುಕಡಿಮೆ ನಡೆದಿತ್ತು.

ಕೊನೆಗೆ ಸಿಕ್ಕಿದ್ದು ಹರಿಹರದಿಂದ ಭಾನುವಳ್ಳಿಗೆ ಹೋಗುವ ದಾರಿಯಲ್ಲಿ, ಚಾನಲ್ ಕಾಲುವೆಯ ಪಕ್ಕದ ಒಂದು ಮನೆ. ದಾವಣಗೆರೆಯ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು. ಮದುವೆಗೆ ಬಂದ ಬೀಗರನ್ನು ಇಳಿಸಲು ಬಾಡಿಗೆಗೆ ಕೊಡುತ್ತಿದ್ದರು. ನಡುವೆ ವಿಶಾಲವಾದ ಹಾಲ್, ಸುತ್ತ ಕೋಣೆಗಳು, ಹಿಂದೆ ಭತ್ತದ ಗದ್ದೆ. ನಾನು ಚಿಲಕಗಳನ್ನೆಲ್ಲ ಹಾಕಿ ತೆಗೆದು ನೋಡಿದೆ. ರಜಿಯಾ ಅಡುಗೆಮನೆಯ ಪಾತ್ರೆಗಳನ್ನು ತಿರುವಿ ಹಾಕಿದಳು. ಮಾಲೀಕರು ನಮ್ಮನ್ನು ಕೇಳಿದ್ದು ಒಂದೇ ಮಾತು: “ಹಾಸಿಗೆ ಸಾಲ್ತಾವೇನು ನೋಡ್ಕೊಳ್ರಿ.” ಅಲ್ಲೇ ನಿಂತು ಗಟ್ಟಿ ಮಾಡಿಕೊಂಡೆವು.

ಒಂದು ಶನಿವಾರ ಬೆಳಗ್ಗೆ ಹೋದೆವು. ಮಾಲೀಕರ ಕಡೆಯವರು ಬೀಗದ ಕೈ ಕೊಟ್ಟು ಹೊರಟುಹೋದರು. ಕಾವಲಿನವರು, ಅಡುಗೆಯವರು ಯಾರೂ ಇರಲಿಲ್ಲ, ನಮಗೆ ಬೇಕಾಗಿಯೂ ಇರಲಿಲ್ಲ. ಮಧ್ಯಾಹ್ನ ಊಟ ಮಾಡಿ ಮುಂಬಾಗಿಲಿಗೆ ಚಿಲಕ ಹಾಕಿ ಹಾಲ್‌ನ ನೆಲದ ಮೇಲೆ ಉರುಳಿಕೊಂಡೆವು. ಸುನಂದಾ ಹಾಸ್ಟೆಲ್ಲಿನ ಹುಡುಗಿಯರು ಊರಿಗೆ ಹೋಗಲು ಹೇಳುವ ಸುಳ್ಳುಗಳನ್ನು ಅವರ ದನಿಯಲ್ಲೇ ಹೇಳತೊಡಗಿದಳು. ಒಬ್ಬಳ ಅಜ್ಜಿ ಒಂದೇ ವರ್ಷದಲ್ಲಿ ಮೂರು ಸಲ ಸತ್ತಿದ್ದರಂತೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಗ ಎಡಗಡೆ ಕೋಣೆಯಿಂದ ಯಾರೋ ಕೆಮ್ಮಿದರು.

ಎಂಥ ಕೆಮ್ಮು ಎಂದು ಹೇಳಿದರೆ ಹೆಂಗಸರಿಗೆ ತಕ್ಷಣ ತಿಳಿಯುತ್ತದೆ. ಮನೆಯ ಹಿರಿಯ ಗಂಡಸು ಒಳಗೆ ಕಾಲಿಡುವ ಮುಂಚೆ ಕೆಮ್ಮುತ್ತಾನಲ್ಲ, ಅದು. ನೆಗಡಿಗೂ ಅದಕ್ಕೂ ಸಂಬಂಧವಿಲ್ಲ. ಆ ಕೆಮ್ಮಿಗೆ ಟೀವಿ ಸದ್ದು ತಗ್ಗುತ್ತದೆ, ಕಾಲು ಚಾಚಿದವರು ಮಡಚಿಕೊಳ್ಳುತ್ತಾರೆ, ಅಡುಗೆಮನೆಯ ಮಾತು ಪಿಸುಮಾತಾಗುತ್ತದೆ. ನಾವೂ ಹಾಗೆಯೇ ಮಾಡಿದೆವು. ಎಂಟು ಜನರೂ ಎದ್ದು ಕೂತೆವು. ಗಿರಿಜಕ್ಕ ಸೆರಗು ಹೊದ್ದುಕೊಂಡರು. ರಜಿಯಾ ದುಪಟ್ಟಾ ತಲೆಯ ಮೇಲೆಳೆದುಕೊಂಡು, “ಯಾರೋ ಬಂದ್ರು” ಅಂದಳು.

ಯಾರೂ ಬಂದಿರಲಿಲ್ಲ. ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಮಂಚ, ನಮ್ಮ ಬ್ಯಾಗುಗಳು. ಮಂಚದ ಕೆಳಗೆ ಬಗ್ಗಿ ನೋಡಿದೆ. ಕಿಟಕಿಗೆ ಸರಳುಗಳಿದ್ದವು, ಅದರ ಆಚೆ ಬರೀ ಗದ್ದೆ, ಬಿಸಿಲು. ಮುಂಬಾಗಿಲ ಚಿಲಕ ಹಾಕಿದ ಹಾಗೆಯೇ ಇತ್ತು. ನಲ್ಲಿಯ ಪೈಪಿನಲ್ಲಿ ಗಾಳಿ ಹೊಕ್ಕಿರಬೇಕು ಎಂದು ನಾನೇ ಹೇಳಿದೆ. ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೋಡಿದೆ. ನೀರು ಸುಮ್ಮನೆ ಸುರಿಯಿತು.

ಸಂಜೆ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದು, ಹಾಲ್‌ಗೆ ತಂದು ಕೂತೆವು. ಹೆದರಿಕೆ ಮರೆತಿತ್ತು. ಯಾರೋ ಹಾಡು ತೆಗೆದರು, ಇನ್ನೊಬ್ಬರು ಕುಣಿಯಲು ಎದ್ದರು. ಅದೇ ಕೋಣೆಯಿಂದ ಮತ್ತೆ ಕೆಮ್ಮು. ಈ ಸಲ ಎರಡು ಬಾರಿ, ಮೊದಲಿಗಿಂತ ಜೋರಾಗಿ. ಕುಣಿಯಲು ಎದ್ದವಳು ಅಲ್ಲೇ ಕುಸಿದು ಕೂತಳು. ಒಬ್ಬರು ಅಳುವ ದನಿಯಲ್ಲಿ, “ನಮ್ಮ ಹುಡುಗನ್ನ ಕಾರ್ ತಗೊಂಡು ಬಾ ಅಂತೀನಿ, ಹೋಗಿಬಿಡೋಣ” ಎಂದು ಫೋನ್ ಎತ್ತಿಕೊಂಡರು.

ಸುನಂದಾ ಅವರ ಕೈ ಹಿಡಿದಳು. “ಫೋನ್ ಮಾಡಿದ್ರೆ ಮುಗೀತು ನೋಡ್ರಿ. ಇವತ್ತು ದೆವ್ವ ಇರಬೋದು, ಕಳ್ಳ ಇರಬೋದು. ಆದ್ರೆ ನಾವು ಜೀವ ಇರೋತನಕ ಮತ್ತೆ ಹೊಸ್ತಿಲು ದಾಟಂಗಿಲ್ಲ. ನಾವು ಹೇಳಿರಲಿಲ್ವಾ ಅಂತಾರೆ.”

ಫೋನ್ ಎತ್ತಿದವರು ಅದನ್ನು ಕೆಳಗಿಟ್ಟರು. ಅವಳು ಹೇಳಿದ್ದು ನಿಜವೆಂದು ಎಲ್ಲರಿಗೂ ಗೊತ್ತಿತ್ತು.

ಗಿರಿಜಕ್ಕ ತಗ್ಗಿದ ದನಿಯಲ್ಲಿ, “ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ. ಅದು ನಮ್ಮ ಮಾವನ ಕೆಮ್ಮು” ಅಂದರು. ಅವರ ಮಾವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ರಜಿಯಾ ಅವರ ಮುಖವನ್ನೇ ನೋಡಿದಳು. “ಇಲ್ಲಕ್ಕಾ. ಅದು ನಮ್ಮ ಬಡೇ ಅಬ್ಬಾಂದು. ನಮ್ಮ ದೊಡ್ಡಪ್ಪಂದು. ನನಗೆ ಚೆನ್ನಾಗಿ ಗೊತ್ತು.” ಸುನಂದಾಗೆ ಅವಳ ಗಂಡನ ಕೆಮ್ಮು ಕೇಳಿಸಿತ್ತು. ಹೀಗೆ ಒಬ್ಬೊಬ್ಬರಿಗೂ ಒಬ್ಬೊಬ್ಬರ ಕೆಮ್ಮು. ಎರಡು ಸಲವೂ ನನಗೆ ಕೇಳಿಸಿದ್ದು ನನ್ನ ಅಣ್ಣನ ಕೆಮ್ಮು. ಅಣ್ಣ ಬದುಕಿದ್ದಾನೆ, ಸರಸ್ವತಿ ನಗರದ ಮನೆಯಲ್ಲಿದ್ದಾನೆ.

ತಡೆಯಲಾಗದೆ ಅವನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ. ಹಿಂದೆ ಟೀವಿಯಲ್ಲಿ ವಾರ್ತೆ ಕೇಳಿಸುತ್ತಿತ್ತು.

“ಏನಾತು? ಬರ್ಲೇನು?” ಅಂದ.

ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ನಿಜವಾದ ಕಾಳಜಿಯೇ ಇತ್ತು. ಹೂಂ ಎಂದಿದ್ದರೆ ಸಾಕು, ಕೂಡಲೇ ಹೊರಟು ಬರುತ್ತಿದ್ದ. ಏಳು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಬ್ಯಾಡಣ್ಣ. ಮೆಣಸಿನಕಾಯಿ ಭಾಳ ಚಲೋ ಆಗ್ಯಾವು, ಅದನ್ನ ಹೇಳೋಣ ಅಂತ ಮಾಡಿದ್ದೆ” ಎಂದು ಫೋನ್ ಇಟ್ಟೆ.

ಗಿರಿಜಕ್ಕ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಆ ಕೋಣೆಯ ಹೊಸ್ತಿಲಿಗೆ ಹೋಗಿ ನಿಂತು ಒಳಗೆ ನೋಡಿ ಹೇಳಿದರು: “ಯಾರಾದ್ರೂ ಆಗ್ರಿ, ಹೊರಗ ಬಂದು ಮಾತಾಡ್ರಿ. ಬರಾಕ ಆಗಲ್ಲ ಅಂದ್ರ ಸುಮ್ಮನ ಕೂಡ್ರಿ. ಈ ಮನೆ ನಾಳೆ ಸಂಜೆತನಕ ನಮ್ದು.” ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಆದರೂ ಮಾತು ಮುಗಿಸಿಯೇ ಬಂದು ಕೂತರು.

ರಜಿಯಾ ತನ್ನ ಫೋನನ್ನು ನೀರಿನ ಕೊಡಕ್ಕೆ ಒರಗಿಸಿ ವಿಡಿಯೋ ಹಚ್ಚಿದಳು. “ಇನ್ನೊಂದ್ಸಲ ಕೆಮ್ಮಲಿ. ಹಿಡಿದು ಇಟ್ಕೊಳ್ತೀನಿ.”

ಸುನಂದಾ ಬಿಟ್ಟ ಕಡೆಯಿಂದಲೇ ಹಾಸ್ಟೆಲ್ ಕತೆ ಶುರು ಮಾಡಿದಳು. ನಾವು ನಕ್ಕೆವು. ಮೊದಮೊದಲು ಬಲವಂತದ ನಗು. ಅಲ್ಲಿದ್ದವರಲ್ಲಿ ಯಾರಿಗೂ ನಿಜವಾಗಿ ನಗು ಬರುತ್ತಿರಲಿಲ್ಲ. ಅಷ್ಟರಲ್ಲಿ ಕೆಮ್ಮು ಬಂತು. ಉದ್ದವಾಗಿ, ಸಿಟ್ಟಿನಿಂದ, ಇನ್ನು ಸಾಕು ಎನ್ನುವ ಹಾಗೆ.

ಗಿರಿಜಕ್ಕ ಕೂತಲ್ಲಿಂದಲೇ ಆ ಕೋಣೆಯ ಕಡೆ ತಿರುಗಿ, ಆಸ್ಪತ್ರೆಯಲ್ಲಿ ರೋಗಿಗಳನ್ನು ಕೇಳುವ ದನಿಯಲ್ಲಿ ಕೇಳಿದರು: “ಕೆಮ್ಮು ಭಾಳ ಆಗೈತಲ್ರೀ ನಿಮಗ. ಕಫ ಐತೇನು?”

ಆಮೇಲೆ ನಮಗೆ ಬಂದ ನಗುವನ್ನು ಹೇಗೆ ಹೇಳಲಿ? ರಜಿಯಾ ನೆಲದ ಮೇಲೆ ಉರುಳಾಡಿದಳು. ಕಾರು ತರಿಸುತ್ತೇನೆ ಎಂದವರು ನಗುತ್ತ ನಗುತ್ತ ಅತ್ತರು. ನನ್ನ ಪಕ್ಕೆ ಎಳೆದುಹೋಗಿ ಮಾರನೆಯ ದಿನವೂ ನೋಯುತ್ತಿತ್ತು. ಆ ಕೆಮ್ಮು ಮತ್ತೆ ಬರಲಿಲ್ಲ. ಭಾನುವಾರ ಸಂಜೆಯವರೆಗೆ ಇದ್ದೆವು. ಮನೆ ಗುಡಿಸಿ, ಪಾತ್ರೆ ತೊಳೆದಿಟ್ಟು, ಬೀಗ ಹಾಕಿಕೊಂಡು ಬಂದೆವು. ಮಾಲೀಕರನ್ನು ಸುಮ್ಮನೆ ಕೇಳುವ ಹಾಗೆ ವಿಚಾರಿಸಿದೆ. ಆ ಮನೆಯಲ್ಲಿ ಯಾರೂ ಸತ್ತಿಲ್ಲ, ಇಳಿದುಕೊಂಡವರು ಯಾರೂ ಏನೂ ಹೇಳಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ.

ರಜಿಯಾ ಕಳಿಸಿದ ಆ ವಿಡಿಯೋ ಈಗಲೂ ನನ್ನ ಫೋನಿನಲ್ಲಿದೆ. ಅದರಲ್ಲಿ ಕೆಮ್ಮು ಇಲ್ಲ. ಎಷ್ಟೋ ಸಲ ನೋಡಿದ್ದೇವೆ, ಇಯರ್‌ಫೋನ್ ಹಾಕಿ ಕೇಳಿದ್ದೇವೆ. ನಗು ಇದೆ, ಫ್ಯಾನಿನ ಸದ್ದಿದೆ, ಗದ್ದೆಯ ಕಡೆಯಿಂದ ಟ್ರ್ಯಾಕ್ಟರ್ ಸದ್ದಿದೆ. ನಡುವೆ ಒಂದು ಕ್ಷಣ ಎಂಟೂ ತಲೆಗಳು ಒಟ್ಟಿಗೆ ಎಡಗಡೆಗೆ ತಿರುಗುತ್ತವೆ. ಹೆದರಿದವರಿಗೆ ಏನೇನೋ ಕೇಳಿಸುತ್ತದೆ ಎಂದು ತಿಳಿದವರೊಬ್ಬರು ನನಗೆ ವಿವರಿಸಿದರು. ಇರಬಹುದು. ಆದರೆ ಎಂಟು ಜನರಿಗೂ ಒಂದೇ ಗಳಿಗೆಯಲ್ಲಿ, ಒಂದೇ ಬಾಗಿಲಿನಿಂದ ಹೇಗೆ ಕೇಳಿಸಿತು ಎಂದು ಕೇಳಿದರೆ ಅವರು ಮಾತು ಬದಲಿಸಿದರು. ಮರುವರ್ಷ ಬೇಕೆಂದೇ ಅದೇ ಮನೆ ಹಿಡಿದೆವು. ಆಗ ಏನೂ ಕೇಳಿಸಲಿಲ್ಲ.

ಇದನ್ನು ಇಲ್ಲಿಗೇ ಬಿಟ್ಟಿದ್ದೆ. ಆದರೆ ಈಚೆಗೆ ಒಂದು ದಿನ ನಾನು ಮನೆಯಲ್ಲಿ ಅತ್ತಿಗೆಗೆ ಆ ವಿಡಿಯೋ ತೋರಿಸುತ್ತಿದ್ದೆ. ನಡೆದದ್ದು ಅತ್ತಿಗೆಗೂ ಗೊತ್ತಿಲ್ಲ, ಅಣ್ಣನಿಗೂ ಗೊತ್ತಿಲ್ಲ. ಅಣ್ಣ ಹಿಂದೆ ಬಂದು ನಿಂತು ಬಗ್ಗಿ ನೋಡಿದ. ಎಂಟು ತಲೆಗಳು ತಿರುಗಿದ ಕೂಡಲೇ ಅವನು ಕೇಳಿದ:

“ಗಂಡಸ್ರು ಇರಲಿಲ್ಲ ಅಂದಿದ್ದಿಯಲ್ಲ, ಯಾರದು ಕೆಮ್ಮಿದ್ದು?”

ಅತ್ತಿಗೆ, “ಎಲ್ಲಿ ಕೆಮ್ಮಿದ್ರು? ನನಗ ಕೇಳಲೇ ಇಲ್ಲ” ಅಂದರು. ಯಾರ ಕೆಮ್ಮಿನ ಹಾಗಿದೆ ಎಂದು ಕೇಳಿದೆ. ಅಣ್ಣ ಫೋನ್ ತೆಗೆದುಕೊಂಡು ಕಿವಿಗೆ ಹಚ್ಚಿ ಮತ್ತೊಮ್ಮೆ ಕೇಳಿದ. ಅವನ ಮುಖ ಸಣ್ಣ ಹುಡುಗನ ಮುಖದ ಹಾಗೆ ಆಯಿತು.

“ಅಪ್ಪಂದು ಇದ್ದಂಗೈತಲ್ಲ” ಅಂದ.

ಅಪ್ಪ ತೀರಿಹೋದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅವರ ಕೆಮ್ಮು ಹೇಗಿತ್ತೆಂದು ನನಗೆ ನೆನಪೇ ಇಲ್ಲ.