ಹುಳಕ್ಕಾದರೆ ಜ್ವರ ಬೇಕು

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಅಶ್ವತ್ಥಮ್ಮನ ರೇಷ್ಮೆಹುಳದ ಮನೆಗೆ ಕಾಲಿಡುವುದು ಸುಲಭವಲ್ಲ. ಬೀಗರೇ ಬರಲಿ, ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ, ಕೈ ತೊಳೆದೇ ಒಳಗೆ ಬರಬೇಕು. ಈ ಕಟ್ಟುನಿಟ್ಟು ಮಾಡಿದವನು ಮಗ ಮುರಳಿಮೋಹನ್. ಹುಳಕ್ಕೆ ರೋಗ ತಗುಲಿದರೆ ಬೆಳೆಯೇ ಹೋಯಿತೆಂದು ಊರಿಗೆಲ್ಲ ಪಾಠ ಹೇಳುವ ಮಹಾನುಭಾವ. ಅಂಥವನು ತನ್ನ ಒಂದೂವರೆ ವರ್ಷದ ಮಗಳು ಪವಿತ್ರಳಿಗೆ ದಡಾರದ ಎರಡನೇ ಸೂಜಿ ಬೇಡವೆಂದು ಕೂತಿದ್ದ!

"ಮೊದಲನೇ ಸೂಜಿಗೇ ಜ್ವರ ಬಂದು ಮಗು ಸುಸ್ತಾಗೋಯ್ತು. ಇನ್ನೊಂದ್ಯಾಕೆ?" ಎಂದು ಮನೆಗೆ ಬಂದ ಆಶಾ ಕಾರ್ಯಕರ್ತೆ ಕದಿರಮ್ಮನನ್ನು ಬಾಗಿಲಿಂದಲೇ ಸಾಗಹಾಕಿದ. ಹಿಂದಿನ ಬೀದಿಯ ಮಕ್ಕಳಿಗೆ ಆಗಲೇ ದಡಾರ ಎದ್ದಿತ್ತು. ಮಗುವನ್ನು ಸೊಂಟಕ್ಕೇರಿಸಿಕೊಂಡ ಸೊಸೆ ಭಾನುಪ್ರಿಯಾ ಅತ್ತೆಯ ಮುಖ ನೋಡಿದಳು.

ಅಶ್ವತ್ಥಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆಕೆಗೆ ಎಡಗಿವಿ ಕೇಳುವುದಿಲ್ಲ. ಚಿಕ್ಕವಳಿದ್ದಾಗ ಮೈತುಂಬ ದಡಾರ ಎದ್ದಿತ್ತು. ಅಮ್ಮ ಬಂದಿದ್ದಾಳೆಂದು ಮನೆಯವರು ಬೇವಿನಸೊಪ್ಪು ಹಾಸಿ ಮಲಗಿಸಿದರು. ಕಿವಿ ಸೋರಿ ಸೋರಿ ಕೊನೆಗೆ ಸದ್ದೇ ನಿಂತುಹೋಯಿತು. ಶಾಲೆಯಲ್ಲಿ ಮೇಷ್ಟ್ರು ಎಡಗಡೆಯಿಂದ ಕರೆದರೆ ಸುಮ್ಮನೆ ಕೂತಿರುತ್ತಿದ್ದಳು. ಪೊಗರೆಂದು ಏಟು ಬೀಳುತ್ತಿತ್ತು. ಗಂಡನ ಮನೆಯಲ್ಲಿ ಹೆಸರು ಹೋಗಿ 'ಕಿವುಡಿ' ಉಳಿಯಿತು. ಇವತ್ತಿಗೂ ಯಾರೇ ಮಾತಾಡಿಸಲಿ, ಬಲಗಿವಿ ಕೊಟ್ಟು ಓರೆಯಾಗಿ ನಿಲ್ಲುತ್ತಾಳೆ.

ತೋಟದಿಂದ ಹೊತ್ತು ತಂದಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ದೊಪ್ಪನೆ ಇಳಿಸಿ ಮಗನ ಎದುರು ನಿಂತಳು.

"ಲೋ ಮುರಳಿ, ಒಳಗೆ ಹುಳ ಏನು ಮಾಡ್ತಾವೆ?"

"ನಾಲ್ಕನೇ ಜ್ವರಕ್ಕೆ ಕೂತವೆ."

ಹುಳ ಮೇವು ಬಿಟ್ಟು ಮಂಕಾಗಿ, ಪೊರೆ ಕಳಚುವುದಕ್ಕೆ ಕೂತರೆ ಈ ಕಡೆ ಜ್ವರವೆನ್ನುತ್ತಾರೆ.

"ಪಾಪ, ಜ್ವರ ಅಲ್ವಾ? ಬೇಡ ಅಂತ ಹೇಳ್ಬಿಟ್ಟು ಬಾ ಹೋಗು."

"ಏನಮ್ಮಾ ನೀನು, ಜ್ವರ ದಾಟದೆ ಹುಳ ಗೂಡು ಕಟ್ತದಾ?"

"ಅಷ್ಟು ಗೊತ್ತಲ್ಲಪ್ಪ ನಿಂಗೆ. ಹುಳಕ್ಕಾದ್ರೆ ಜ್ವರ ಬೇಕು, ಮಗೂಗೆ ಸೂಜಿಯ ಒಂದೆರಡು ದಿನದ ಜ್ವರ ಬೇಡ. ಸೂಜಿ ಹಾಕಿದ್ರೆ ಮೈ ಆ ರೋಗದ ಗುರುತು ಹಿಡಿಯೋದು ಕಲೀತದೆ ಕಣೋ. ಕೆಲವು ಮಕ್ಕಳಿಗೆ ಒಂದೇ ಸೂಜಿ ಸಾಲಲ್ಲ, ಅದಕ್ಕೇ ಎರಡನೇದು. ಆಮೇಲೆ ನಿಜವಾದ್ದು ಬಂದ್ರೆ ಬಾಗಿಲಲ್ಲೇ ತಡೀತದೆ. ಪಕ್ಕದ ಮನೆ ಹಸುಗೂಸಿಗೆ ಸೂಜಿ ಹಾಕೋ ವಯಸ್ಸೇ ಆಗಿಲ್ಲ. ಇವಳಿಗೆ ಬಂದ್ರೆ ಅದಕ್ಕೂ ಅಂಟ್ತದೆ."

ಮುರಳಿ ತಾಯಿಯ ಎಡಗಡೆಗೆ ಸರಿದು ಗೊಣಗಿದ: "ನಿಂಗೆ ಯಾರು ಸೂಜಿ ಹಾಕ್ಸಿದ್ರು? ಬದುಕಿಲ್ವಾ?"

"ಏನಂದೆ? ಈ ಕಡೆ ಬಂದು ಹೇಳು," ಎಂದು ಅಶ್ವತ್ಥಮ್ಮ ಬಲಗಿವಿ ತಿರುಗಿಸಿದಳು.

ಅವನು ತಲೆ ತಗ್ಗಿಸಿದ, ಆದರೆ ತುಟಿ ಆಡಿದ್ದರಲ್ಲೇ ಅವಳಿಗೆ ಮಾತು ತಿಳಿದಿತ್ತು.

"ನನ್ ಕಾಲಕ್ಕೆ ಈ ಊರಿಗೆ ಆ ಸೂಜಿ ಬಂದೇ ಇರ್ಲಿಲ್ಲ. ಯಾರ ಮೇಲೆ ಸಿಟ್ಟು ಮಾಡ್ಲಿ ನಾನು? ಇವಳಿಗೆ ಹಂಗಲ್ಲ. ಇವಳು ಸಿಟ್ಟು ಮಾಡ್ಕೊಳ್ಳೋಕೆ ನೀನಿದೀಯ."

ಮುರಳಿ ಗೋಡೆಯ ಮೊಳೆಯಿಂದ ಬೈಕಿನ ಕೀ ತೆಗೆದುಕೊಂಡು, ಮಗುವಿಗೆ ಟೋಪಿ ಹಾಕುವಂತೆ ಹೆಂಡತಿಗೆ ಹೇಳಿದ.